ಕರಿ ಶಾಲಿನ ಹಾಡುಗಾರ್ತಿ

ನಾನು ಪೋರ್ಚುಗಲ್ ನೋಡಿಲ್ಲ. ನೋಡಿದ್ದು ಗೋವಾ, ಅದೂ ವಾಸ್ಕೊದ ಒಂದೆರಡು ಗಲ್ಲಿ ಮಾತ್ರ. ಅಪ್ಪ ಅಲ್ಲಿಯ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದರು. ನಾವಿದ್ದ ಚಾಳಿನ ತುಂಬ ಬಾಗಲಕೋಟೆ, ವಿಜಯಪುರ ಕಡೆಯವರೇ ಇದ್ದುದರಿಂದ ಊರು ಬಿಟ್ಟು ಬಂದಿದ್ದೇವೆಂದು ಮಕ್ಕಳಾದ ನಮಗೆ ಅನ್ನಿಸುತ್ತಲೇ ಇರಲಿಲ್ಲ. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಟೀಚರ್ ಮಾತ್ರ ಬೇರೆ ಲೋಕದವರ ಹಾಗೆ ಕಾಣುತ್ತಿದ್ದರು. ವಯಸ್ಸಾದ ಹೆಂಗಸು, ಮನೆಯಲ್ಲಿ ತಂಗಿಯ ಜೊತೆ ಪೋರ್ಚುಗೀಸ್ ಮಾತನಾಡುತ್ತಿದ್ದರು. ಶನಿವಾರ ನಮ್ಮಲ್ಲಿ ಕೆಲವು ಹುಡುಗಿಯರನ್ನು ಮನೆಗೆ ಕರೆದು ಪೇಸ್ಟಲ್ ಕಲಿಸುತ್ತಿದ್ದರು. ಪೇಸ್ಟಲ್ ಎಂದರೆ ಸೀಮೆಸುಣ್ಣದಂಥ ಬಣ್ಣದ ಒಣ ಕಡ್ಡಿ. ಒರಟು ಕಾಗದದ ಮೇಲೆ ತಿಕ್ಕಿ, ಬೆರಳಿನಿಂದ ಸವರಿ ಚಿತ್ರ ಮಾಡಬೇಕು. ಟೀಚರ ಮನೆಯ ಗೋಡೆಯಲ್ಲಿ ನೀಲಿ ಬಳ್ಳಿಯ ಟೈಲ್ಸ್ ಇದ್ದವು, ಕಿಟಕಿಗೆ ಗಾಜಿನ ಬದಲು ಕಡಲ ಚಿಪ್ಪುಗಳು. ನಾವು ಚಿತ್ರ ಬರೆಯುವಾಗ ಅವರು ಟೇಪ್‌ರೆಕಾರ್ಡರಿನಲ್ಲಿ ಫಾದೊ ಹಚ್ಚುತ್ತಿದ್ದರು. ಅದು ಪೋರ್ಚುಗಲ್ಲಿನ ದುಃಖದ ಹಾಡು. ಅಲ್ಲಿಯ ಹೆಂಗಸರು ಕರಿ ಶಾಲು ಹೊದ್ದು, ಕಣ್ಣು ಮುಚ್ಚಿ ಹಾಡುತ್ತಾರೆ ಎಂದು ಹೇಳಿದ್ದೂ ಅವರೇ.

ಮದುವೆಯಾಗಿ ಇಳಕಲ್ಲಿಗೆ ಬಂದೆ. ಗಂಡನದು ಬಸ್‌ಸ್ಟ್ಯಾಂಡಿನ ಹತ್ತಿರ ಚಸ್ಮಾ ಅಂಗಡಿ. ಮನೆ, ಮಗಳು, ಅತ್ತೆ, ನಡುನಡುವೆ ಅಂಗಡಿಯ ಗಲ್ಲೆ, ಹೀಗೆ ವರ್ಷಗಳು ಹೋದವು. ಮಗಳು ಧಾರವಾಡದ ಹಾಸ್ಟೆಲ್ಲಿಗೆ ಹೋದ ಮೇಲೆ ಹುಬ್ಬಳ್ಳಿಯಿಂದ ಒಂದು ಪೇಸ್ಟಲ್ ಡಬ್ಬಿ ತರಿಸಿದೆ. ಕೈ ಮೊದಲು ಬರೆದದ್ದು ಆ ನೀಲಿ ಟೈಲ್ಸುಗಳನ್ನೇ. ಆಮೇಲೆ ಕಬ್ಬಿಣದ ಕಟಾಂಜನದ ಬಾಲ್ಕನಿ, ತಟ್ಟೆಯಲ್ಲಿ ಸಾಲಾಗಿ ಇಟ್ಟ ಮೀನು, ಬಣ್ಣ ಬಳಿದ ದೋಣಿ. ಇಳಕಲ್ಲಿನಲ್ಲಿ ಕೂತು ಇವನ್ನೆಲ್ಲ ಯಾಕೆ ಬರೆಯುತ್ತೀ ಎಂದು ಕೆಲವರು ಕೇಳುತ್ತಿದ್ದರು. ಬೇರೆ ಏನನ್ನೂ ಬರೆಯಲು ಕಲಿತಿರಲಿಲ್ಲ, ಅಷ್ಟೇ.

ಗಂಡನ ಅಣ್ಣ, ನನ್ನ ಭಾವ, ಹುನಗುಂದದಲ್ಲಿ ಕಾಳಿನ ವ್ಯಾಪಾರಿ. ಶುಕ್ರವಾರ ನಮಾಜ್ ಮುಗಿಸಿ ತಾಯಿಯನ್ನು ನೋಡಲು ಬಂದು, ನಮ್ಮಲ್ಲೇ ಊಟ ಮಾಡಿ ಹೋಗುತ್ತಿದ್ದರು. ಟೈಲ್ಸಿನ ಚಿತ್ರ ಅವರಿಗೆ ಹಿಡಿಸಿತ್ತು.

“ಮಸೂತಿ ಗ್ವಾಡಿ ಮ್ಯಾಲಿನ ಚಿತ್ತಾರ ಇದ್ದಂಗ ಅದಾವಲ್ಲ,” ಎಂದರು.

“ಪೋರ್ಚುಗಲ್ಲಿಗೆ ಈ ಕಲಾ ಮುಸಲ್ಮಾನರಿಂದನ ಹೋಗಿದ್ದಂತ್ರಿ, ನಮ್ಮ ಟೀಚರ್ ಹೇಳ್ತಿದ್ರು,” ಎಂದೆ.

“ಹಂಗಾರ ನಮ್ಮವ ಅನ್ನು. ಬರಿ, ಬರಿ. ಆದ್ರ ಮುಖ ಮಾತ್ರ ಬರೀಬ್ಯಾಡ. ನಮಾಜ್ ಮಾಡೋ ಮನ್ಯಾಗ ಮುಖ ಬ್ಯಾಡ.”

ನಾನು ಹೂಂ ಅಂದೆ. ಆದರೆ ಫಾದೊ ಹಾಡುವ ಹೆಂಗಸನ್ನು ಬರೆಯಬೇಕೆಂಬ ಆಸೆ ಮನಸ್ಸಿನಲ್ಲಿತ್ತು. ಅಡುಗೆಮನೆಯ ಹಿಂದಿನ ಪಡಸಾಲೆಯಲ್ಲಿ ಕೂತು, ಮೊಬೈಲಿನಲ್ಲಿ ಫೋಟೊ ನೋಡಿ ಬರೆಯತೊಡಗಿದೆ. ಶಾಲು ಬಂತು, ಕೈ ಬಂತು, ಮುಖ ಬರಲಿಲ್ಲ. ಅತ್ತೆ ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಾ ನೋಡುತ್ತಿದ್ದರು.

“ಯಾರಕಿ?”

“ಹಾಡಾಕಿ, ಅಮ್ಮಾ.”

“ಇಕಿ ಎಲ್ಲಿ ಹಾಡಾಕತ್ತಾಳ? ಹಲ್ಲುಬ್ಯಾನಿ ಹಿಡಕೊಂಡು ಕುಂತಂಗ ಕಾಣ್ತಾಳ.”

ನನಗೆ ನಗು ಬಂತು. ಹಾಡು ಹೇಗಿರುತ್ತದೆ ಎಂದು ತೋರಿಸಲು ಮೊಬೈಲಿನಲ್ಲಿ ಒಂದು ಫಾದೊ ಹಚ್ಚಿದೆ. ಅತ್ತೆ ಬೆಳ್ಳುಳ್ಳಿ ಬದಿಗಿಟ್ಟು ಕೊನೆಯವರೆಗೆ ಕೇಳಿದರು.

“ಮಾತು ತಿಳೀಲಿಲ್ಲ,” ಎಂದರು. “ಆದ್ರ ಇದು ರಿವಾಯತ್ ಇದ್ದಂಗ ಐತಿ.”

ರಿವಾಯತ್ ಎಂದರೆ ಮೊಹರಂನಲ್ಲಿ ಕರ್ಬಲಾದ ಕಥೆ ಹೇಳುವ ಪದ. ಈ ಕಡೆ ಹಳ್ಳಿಗಳಲ್ಲಿ ಹಿಂದೂ, ಮುಸಲ್ಮಾನರೆನ್ನದೆ ಗಂಡಸರೆಲ್ಲ ಸೇರಿ ಹಾಡುತ್ತಾರೆ. ಅತ್ತೆಯ ತವರು ಮರೋಳದ ಹತ್ತಿರದ ಹಳ್ಳಿ. ಅವರ ಅಪ್ಪ ಒಳ್ಳೆಯ ಹಾಡುಗಾರರಂತೆ. ಅಪ್ಪ ಮನೆಯಲ್ಲಿ ಪದ ಹೊಂದಿಸುವಾಗ ಒಳಗೆ ಜೋಳ ಬೀಸುತ್ತಾ ಕೂತ ಮಗಳಿಗೂ ಅವು ಬಾಯಿಗೆ ಬಂದಿದ್ದವು. ಹೊರಗೆ ಹೆಂಗಸರು ಹಾಡುವ ರೂಢಿ ಇರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗಿದು ಗೊತ್ತಿರಲಿಲ್ಲ.

“ಒಂದು ಹಾಡ್ರಿ ಅಮ್ಮಾ,” ಎಂದೆ.

“ಬಾಗಲಾ ಹಾಕು ಮೊದ್ಲ.”

ಬೀದಿ ಬಾಗಿಲಿಗೆ ಚಿಲಕ ಹಾಕಿ ಬಂದೆ. ಅವರು ಕಣ್ಣು ಮುಚ್ಚಿ ಹಾಡಿದರು. ದನಿ ಒಡೆದಿತ್ತು, ಅಲ್ಲಲ್ಲಿ ಉಸಿರು ಸಾಲುತ್ತಿರಲಿಲ್ಲ. ಎತ್ತರದ ಸ್ವರ ಹಿಡಿಯುವಾಗ ಗದ್ದ ಮೇಲೆದ್ದು, ಹುಬ್ಬು ಕೂಡಿ, ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ನಾನು ಹಳೆಯ ಹಾಳೆ ತೆಗೆದಿಟ್ಟು ಹೊಸದೊಂದನ್ನು ಹಲಗೆಗೆ ಸಿಕ್ಕಿಸಿದೆ.

ಮಧ್ಯಾಹ್ನ ಗಂಡ ಉಂಡು ಅಂಗಡಿಗೆ ಹೋದ ಮೇಲೆ ಅತ್ತೆ ದಿನಾ ತಾವಾಗಿಯೇ ಬಂದು ನನ್ನೆದುರು ಕೂರತೊಡಗಿದರು. ಚಳಿಗಾಲದ ಕರಿ ಶಾಲನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಸೆಕೆಯಲ್ಲೂ ಹೊದ್ದು ಕೂರುತ್ತಿದ್ದರು. “ಸೀರಿ ಸೆರಗು ಒಂಚೂರು ಕಾಣ್ಲಿ,” ಎಂದು ಒಮ್ಮೆ ಹೇಳಿದರು. ಹಾಗಾಗಿ ನನ್ನ ಫಾದೊ ಹಾಡುಗಾರ್ತಿಯ ಶಾಲಿನ ಕೆಳಗೆ ಇಳಕಲ್ ಸೆರಗಿನ ಕೆಂಪು ಒಂದು ಗೆರೆಯಷ್ಟು ಇಣುಕಿತು. ಹಿಂದೆ ನೀಲಿ ಟೈಲ್ಸಿನ ಗೋಡೆ ಬರೆದೆ.

ಚಿತ್ರ ಮುಗಿದ ವಾರವೇ ಭಾವ ಅದನ್ನು ನೋಡಿದರು. ಕೈ ತೊಳೆಯಲು ಹಿಂದೆ ಹೋದವರು ಅಲ್ಲೇ ನಿಂತುಬಿಟ್ಟರು.

“ಇದು ಅಮ್ಮ ಅಲ್ಲೇನು?”

“ನಾ ಯಾಕ ಆಗ್ಲಿ,” ಎಂದರು ಅತ್ತೆ. “ಪೋರ್ಚುಗಲ್ ಬಾಯಿ ಅಕಿ.”

“ಮೂಗು ನಿಂದ ಐತಿ.”

“ಮೂಗು ನಂದಾದ್ರ ಏನಾತು?”

ಭಾವ ನನ್ನ ಕಡೆ ತಿರುಗಲಿಲ್ಲ. “ಬ್ಯಾಡ ಅಂದಿದ್ದೆ,” ಎಂದಷ್ಟೇ ಹೇಳಿ, ಬಡಿಸಿದ ಊಟ ಬಿಟ್ಟು ಹೊರಟರು. ಆಮೇಲೆ ಶುಕ್ರವಾರ ಬಂದರೂ ಅಂಗಡಿಯಲ್ಲಿ ತಮ್ಮನ ಜೊತೆ ಕೂತು ಚಹಾ ಕುಡಿದು ಹುನಗುಂದದ ಬಸ್ಸು ಹತ್ತುತ್ತಿದ್ದರು. ತಾಯಿಗೆ ತಂದ ಹಣ್ಣು ಗಂಡನ ಕೈಯಲ್ಲಿ ಮನೆಗೆ ಬರುತ್ತಿತ್ತು. ಅತ್ತೆ ಹಣ್ಣು ತೆಗೆದಿಡುತ್ತಿದ್ದರು, ಆ ದಿನ ತಿನ್ನುತ್ತಿರಲಿಲ್ಲ. ಚಿತ್ರ ಹಿಂದಿನ ಪಡಸಾಲೆಯಲ್ಲೇ ಉಳಿಯಿತು.

ಅದೇ ಹೊತ್ತಿಗೆ ಬಾಗಲಕೋಟೆಯಲ್ಲಿ ಜಿಲ್ಲೆಯ ಕಲಾವಿದರೆಲ್ಲ ಸೇರಿ ಒಂದು ಪ್ರದರ್ಶನ ಇಟ್ಟುಕೊಂಡರು. ನನ್ನನ್ನೂ ಕರೆದರು. ಪೇಸ್ಟಲ್ ಚಿತ್ರವನ್ನು ಬಸ್ಸಿನಲ್ಲಿ ಒಯ್ಯುವುದು ಕಷ್ಟ. ಏನಾದರೂ ತಾಗಿದರೆ ಪುಡಿ ಉದುರುತ್ತದೆ. ಗಂಡ ಚಸ್ಮಾದ ಗಾಜು ಬರುವ ರಟ್ಟಿನ ಪೆಟ್ಟಿಗೆ ಕತ್ತರಿಸಿ ಗಟ್ಟಿ ಕಟ್ಟು ಮಾಡಿಕೊಟ್ಟರು. ಅತ್ತೆಯೂ ಹೊರಟರು. ಸಭಾಂಗಣದ ತುಂಬ ಬಾದಾಮಿಯ ಗುಹೆ, ಐಹೊಳೆಯ ಗುಡಿ, ಕೆಂಪು ಬೆಟ್ಟ. ನನ್ನ ದೋಣಿ, ಮೀನುಗಳಿಗೆ ಬಾಗಿಲ ಪಕ್ಕ ಜಾಗ ಸಿಕ್ಕಿತು. ಅತ್ತೆ ಬುರ್ಖಾ ಹಾಕಿ, ದಪ್ಪ ಚಸ್ಮಾ ಏರಿಸಿ ಹಾಡುಗಾರ್ತಿಯ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂತರು. ಯಾರಿಗೂ ಗುರುತು ಹತ್ತಲಿಲ್ಲ.

ಮಧ್ಯಾಹ್ನದ ಮೇಲೆ ಬಾದಾಮಿಯಲ್ಲಿ ಸಣ್ಣ ಲಾಡ್ಜ್ ನಡೆಸುವ ಒಬ್ಬರು ಬಂದು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

“ಯಾವ ದೇಶದಾಕಿ ರೀ ಇಕಿ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಪೋರ್ಚುಗಲ್‌ದಾಕಿ. ಭಾಳ ಛಲೋ ಹಾಡ್ತಾಳಂತ,” ಎಂದರು.

ಅವರು ಚಿತ್ರ ಕೊಡುತ್ತೀರಾ ಎಂದು ಕೇಳಿದರು. ಅದನ್ನು ಮಾರುವ ಯೋಚನೆ ನನಗಿರಲಿಲ್ಲ. ಅತ್ತೆ ನನ್ನ ತೋಳು ಚಿವುಟಿ, “ಕೊಡು,” ಎಂದರು. ಕೊಟ್ಟೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ: “ಯಾಕ ಕೊಡು ಅಂದ್ರಿ ಅಮ್ಮಾ? ನನಗ ಮನಸ್ಸಿರಲಿಲ್ಲ.”

“ನನಗೆಲ್ಲಿ ಇತ್ತು?” ಎಂದರು. “ಅದು ಮನ್ಯಾಗ ಇರೂತನಕ ಅವ ಒಳಗ ಬರಂಗಿಲ್ಲ. ಮಗಾ ಬರಬೇಕಲ್ಲ.”

ಮುಂದಿನ ಶುಕ್ರವಾರ ಅತ್ತೆಯೇ ಅಂಗಡಿಗೆ ಹೋಗಿ ಭಾವನನ್ನು ಕರೆತಂದರು. ಅವರು ಊಟ ಮಾಡಿದರು, ಜೋಳದ ಧಾರಣೆಯ ಮಾತಾಡಿದರು. ನಾನು ಮತ್ತೆ ಮುಖ ಬರೆದಿಲ್ಲ. ಅತ್ತೆ ಹಾಡುವುದನ್ನೂ ಕೇಳಿಲ್ಲ.

ಹೋದ ವರ್ಷ ಬಾದಾಮಿಗೆ ಒಂದು ಮದುವೆಗೆ ಹೋಗಿದ್ದೆವು. ಅತ್ತೆ ಹಟ ಹಿಡಿದು ಚಿತ್ರ ಕೊಂಡವರ ಲಾಡ್ಜ್ ಹುಡುಕಿಸಿದರು. ಕೌಂಟರಿನ ಹಿಂದಿನ ಗೋಡೆಯ ಮೇಲೆ, ಚಿತ್ರಕ್ಕೆ ಗಾಜು ಹಾಕಿಸಿ ತೂಗುಹಾಕಿದ್ದರು. ಬಿಸಿಲು ಬೀಳದ ಜಾಗ, ಬಣ್ಣ ಚೆನ್ನಾಗಿಯೇ ಇತ್ತು. ಕೆಳಗೆ ಒಂದು ಚೀಟಿ ಅಂಟಿಸಿದ್ದರು.

“ಏನ್ ಬರದಾರ ಓದು,” ಎಂದರು ಅತ್ತೆ.

“ಸ್ಪೇನ್ ದೇಶದ ಹಾಡುಗಾರ್ತಿ ಅಂತ ಬರದಾರ್ರಿ.”

“ಅದೆಲ್ಲೈತಿ?”

“ಪೋರ್ಚುಗಲ್ ಬಾಜೂಕ.”

“ಬಾಜೂಕ ಅಂದ್ರ ಇರ್ಲಿ ಬಿಡು,” ಎಂದು ಸೆರಗು ಸರಿಮಾಡಿಕೊಂಡರು. ಮದುವೆ ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದಾರೆಂದು ಗಂಡ ಹೊರಗಿನಿಂದ ಕರೆಯುತ್ತಿದ್ದರು.