ಪೂಜೆಯ ನಡುವೆ ಬಂದ ಪ್ರಶ್ನೆ

ಶಿವನಲ್ಲಿ ನನಗೆ ಬಾಲ್ಯದಿಂದಲೂ ಅಚಲ ನಿಷ್ಠೆ. ಪವಾಡಗಳಲ್ಲಿ ಮಾತ್ರ ನಂಬಿಕೆ ಇರಲಿಲ್ಲ. ಯಾರಾದರೂ ಅಂಥದನ್ನು ಹೇಳಿದರೆ, ತರ್ಕಶಾಸ್ತ್ರ ಓದಿದ ಅಹಂಕಾರದಿಂದ ನಕ್ಕುಬಿಡುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಸಾವಳಗಿಯ ನಮ್ಮ ಮನೆಯಲ್ಲಿ ನಡೆದುದನ್ನು ನಡೆದಂತೆಯೇ ಬರೆಯುತ್ತೇನೆ. ಓದುಗರು ನಗುವುದಾದರೆ ನಗಲಿ.

ನನ್ನ ಮೊಮ್ಮಗಳು ಗಿರಿಜಾ ವೈದ್ಯವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಸಂಶೋಧನೆ ಮುಂದುವರಿಯಬೇಕಾದರೆ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣಳಾಗಬೇಕು. ಇಲಿಗಳ ಮೇಲೆ ತಾನು ಮಾಡಲಿರುವ ಔಷಧದ ಪ್ರಯೋಗವನ್ನು ಪರೀಕ್ಷಕರೆದುರು ವಿವರಿಸಿ ಸಮರ್ಥಿಸಿಕೊಳ್ಳಬೇಕು. ಮೊದಲ ಸಲ ಸೋತಿದ್ದಳು. ಎರಡನೆಯದೇ ಕೊನೆಯ ಅವಕಾಶ. ಅದಕ್ಕೆ ಮುನ್ನ ಊರಿಗೆ ಬಂದವಳು, ನಿತ್ಯ ಮುಂಜಾನೆ ನನ್ನ ಲಿಂಗಪೂಜೆಯ ಹೊತ್ತಿಗೇ ಎದುರು ಕುಳಿತು, ಮೊಬೈಲಿನಲ್ಲಿ ತನ್ನ ಮಾತು ರೆಕಾರ್ಡ್ ಮಾಡಿಕೊಳ್ಳುತ್ತ ಅಭ್ಯಾಸ ಮಾಡುತ್ತಿದ್ದಳು. ಆ ಹೊತ್ತೇ ಏಕೆಂದು ಕೇಳಿದ್ದೆ.

“ನೀ ನಡುವ ಬಾಯಿ ಹಾಕಂಗಿಲ್ಲ, ಎದ್ದೂ ಹೋಗಂಗಿಲ್ಲ. ಇಂಥಾ ಪರೀಕ್ಷಕರು ಎಲ್ಲಿ ಸಿಗತಾರ, ಮುತ್ತ್ಯಾ?”

ಅಂಗೈಯಲ್ಲಿ ಲಿಂಗವಿರುವಾಗ ಪಂಚಾಕ್ಷರಿಯಲ್ಲದೆ ಬೇರೆ ಮಾತಾಡುವುದಿಲ್ಲವೆಂಬುದು ದೀಕ್ಷೆಯ ದಿನದಿಂದ ನಾನು ನಡೆಸಿಕೊಂಡು ಬಂದ ವ್ರತ.

ಅವಳು ಹೊರಡುವ ಹಿಂದಿನ ದಿನ, ಪೂಜೆ ಮುಗಿಸಿ ಕಣ್ತೆರೆದಾಗ ಗಿರಿಜಾ ಬಿಳಿಚಿಕೊಂಡು ಕುಳಿತಿದ್ದಳು. “ನೀ ಕೇಳಿದ್ದು ಖರೆ ಐತಿ, ಮುತ್ತ್ಯಾ. ಅದನ್ನ ನಾ ವಿಚಾರನ ಮಾಡಿಲ್ಲ,” ಎಂದಳು. ನಾನು ಏನನ್ನೂ ಕೇಳಲಿಲ್ಲವೆಂದೆ. ಅವಳು ಮೊಬೈಲಿನಲ್ಲಿ ಆ ದಿನದ ರೆಕಾರ್ಡ್ ಹಚ್ಚಿ ಕೇಳಿಸಿದಳು. ರಸ್ತೆಯ ಕಬ್ಬಿನ ಟ್ರ್ಯಾಕ್ಟರಿನ ಸದ್ದು, ಅವಳ ಇಂಗ್ಲಿಷ್. ಅದರ ಮೇಲೆ ಸ್ಪಷ್ಟವಾಗಿ ನನ್ನದೇ ಧ್ವನಿ.

“ಔಷಧ ಎಣ್ಣ್ಯಾಗ ಕರಗಿಸಿ ಕೊಡತೀ. ಉಳಿದ ಇಲಿಗೆ ಬರೇ ನೀರು ಕೊಟ್ಟರ, ಗುಣಾ ಆಗಿದ್ದು ಔಷಧದಿಂದೋ ಎಣ್ಣಿಯಿಂದೋ, ಹೆಂಗ ತಿಳೀತೈತಿ ತಂಗಿ?”

ನನಗೆ ಇಂಗ್ಲಿಷ್ ಬಾರದು. ಅವಳ ಪ್ರಯೋಗದಲ್ಲಿ ಎಣ್ಣೆಯಿದೆಯೆಂಬುದೇ ಗೊತ್ತಿರಲಿಲ್ಲ. ಅದಕ್ಕಿಂತ, ವ್ರತ ಮುರಿದೆನಲ್ಲ ಎಂದು ಕುಸಿದುಹೋದೆ. ಅಂದು ಅನ್ನ ಮುಟ್ಟಲಿಲ್ಲ. ಗಿರಿಜಾ ಸಂಜೆಯವರೆಗೆ ಕುಳಿತು, ಬರಿಯ ಎಣ್ಣೆ ಕೊಡುವ ಇಲಿಗಳ ಗುಂಪೊಂದನ್ನು ಪ್ರಯೋಗಕ್ಕೆ ಸೇರಿಸಿದಳು.

ಪರೀಕ್ಷೆಯಲ್ಲಿ ಹಿರಿಯ ಪರೀಕ್ಷಕರು ಮೊದಲು ಕೇಳಿದ್ದೇ ಆ ಪ್ರಶ್ನೆಯನ್ನು. ಅವಳು ಉತ್ತೀರ್ಣಳಾದಳು.

ಕೆಲವು ದಿನಗಳ ಬಳಿಕ ಆ ರೆಕಾರ್ಡನ್ನು ತರಿಸಿಕೊಂಡು, ಕಿವಿಗೆ ಇಯರ್‌ಫೋನ್ ಹಾಕಿ ಕೇಳಿದೆ. ಮೊದಲು ಕೇಳಿಸದಿದ್ದುದು ಈಗ ಕೇಳಿಸಿತು. ಪ್ರಶ್ನೆ ನಡೆದಿರುವಷ್ಟು ಹೊತ್ತೂ ಅದರ ಹಿಂದೆ ಮೆಲುದನಿಯಲ್ಲಿ, ಒಂದು ಸಲವೂ ನಿಲ್ಲಿಸದೆ, ನಾನು ಪಂಚಾಕ್ಷರಿ ಜಪಿಸುತ್ತಿದ್ದೇನೆ.

ನನ್ನ ವ್ರತ ಮುರಿದಿರಲಿಲ್ಲ. ಅಂದಿನಿಂದ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವಾಗಲೆಲ್ಲ ಅದು ಇನ್ನೇನು ಕೇಳೀತೋ ಎಂದು ಕಿವಿಗೊಡುತ್ತೇನೆ.