ಎಕ್ಸ್‌ರೇ ಅಕ್ಕ ಕೊಂಡ ಆಟದ ಯಂತ್ರ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಅಲ್ಲಿ ನಿಂತು ಇಪ್ಪತ್ತೆರಡು ವರ್ಷದಿಂದ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎಂದು ಕಂಡಕಂಡವರಿಗೆಲ್ಲ ಹೇಳುತ್ತ ಬಂದವಳನ್ನು ಇಡೀ ಆಸ್ಪತ್ರೆ ಎಕ್ಸ್‌ರೇ ಅಕ್ಕ ಎಂದು ಕರೆಯುತ್ತದೆ. ಅವಳು ತನ್ನ ಸ್ವಂತ ಉಸಿರನ್ನು ನೆಮ್ಮದಿಯಾಗಿ ಬಿಟ್ಟದ್ದು ಯಾವಾಗಲೋ, ಅವಳಿಗೇ ನೆನಪಿಲ್ಲ. ಸೀಸದ ಏಪ್ರನ್ ಹೊತ್ತು ಹೊತ್ತು ಎಡ ಹೆಗಲು ಬಲ ಹೆಗಲಿಗಿಂತ ಅರ್ಧ ಅಂಗುಲ ಕೆಳಗಿಳಿದಿದೆ. ಎಡ ಅಂದೆ ನೋಡಿ, ಈ ಎಡಬಲದ ಮಾತು ಮುಂದೆ ಬರುತ್ತದೆ, ನೆನಪಿರಲಿ.

ಅದೇ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಅವಳ ಗಂಡ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಕುರ್ಚಿಯಲ್ಲಿ ಒರಗಿರುತ್ತಾನೆ. ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ಎರಡು ಕಿಡ್ನಿಯೂ ಕೈಕೊಟ್ಟ ಮೇಲೆ ಅವನ ಲೈಸೆನ್ಸು ಬೀರು ಸೇರಿತು. ಒಂದು ಸಲ ದೂರದ ದಾರಿಯಲ್ಲಿ ಆಕ್ಸಲ್ ಮುರಿದಾಗ, ಬಸ್ಸು ಹತ್ತಿ ಬಂದುಬಿಡು ಎಂದು ಮಾಲೀಕನೇ ಹೇಳಿದರೂ ಕೇಳದೆ, ಲೋಡ್ ಗಾಡಿ ಬಿಟ್ಟು ಬರೋದಿಲ್ಲ ಎಂದು ಮೂರು ದಿನ ಅದರ ಕೆಳಗೇ ಮಲಗಿದ್ದ. ಆ ಮೂರು ದಿನದಲ್ಲೇ ಅವಳ ತಮ್ಮನ ಮದುವೆ ಆಗಿಹೋಯಿತು. ಗಂಡ ಎಲ್ಲಿ, ಗಂಡ ಎಲ್ಲಿ ಎಂದು ಕೇಳಿದವರಿಗೆಲ್ಲ ಅವಳೊಬ್ಬಳೇ ಉತ್ತರ ಹೇಳಿದ್ದಳು. ಹದಿನೆಂಟು ವರ್ಷವಾದರೂ ಆ ಸಿಟ್ಟು ಪೂರ್ತಿ ಇಳಿದಿಲ್ಲ.

ಈಗ ಅವನ ಎಡಗೈಯಲ್ಲಿ ಎರಡು ದಪ್ಪ ಸೂಜಿ. ಒಂದರಲ್ಲಿ ರಕ್ತ ಆಚೆ ಹೋಗುತ್ತದೆ, ಇನ್ನೊಂದರಲ್ಲಿ ತೊಳೆದುಕೊಂಡು ಒಳಗೆ ಬರುತ್ತದೆ. ನಾಲ್ಕು ಗಂಟೆ ಆ ಕೈ ಮಡಚುವಂತಿಲ್ಲ, ಮಡಚಿದರೆ ಯಂತ್ರ ಅರಚಿಕೊಳ್ಳುತ್ತದೆ. ಎರಡು ರೋಗಿಗಳ ನಡುವೆ ಬಿಡುವು ಸಿಕ್ಕರೆ ಅವಳು ಮೆಟ್ಟಿಲು ಹತ್ತಿ ಬರುತ್ತಾಳೆ. ಕುರ್ಚಿಯ ಮುಂದೆಲ್ಲ ಯಂತ್ರ, ಟ್ರಾಲಿ, ತೂಕದ ತಟ್ಟೆ. ಹಾಗಾಗಿ ಅವನ ತಲೆಯ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತು ಭುಜ ಅಮುಕಿ ಹೋಗುತ್ತಾಳೆ. ಎರಡು ವರ್ಷದಿಂದ ಅವಳು ಅಲ್ಲಿ ಗಂಡನನ್ನು ಕಂಡಿರುವುದು ಬೆನ್ನ ಕಡೆಯಿಂದಲೇ.

ಆ ಶುಕ್ರವಾರ ಅವನು ಹಿಂದಕ್ಕೆ ತಿರುಗದೆಯೇ ಹೇಳಿದ, "ಸೋಮವಾರ ಒಂದಿನ ಬರ್ತೀನಿ. ಅದೇ ಕೊನೆ. ಆಮೇಲೆ ಕರೀಬೇಡ."

"ಬರದಿದ್ರೆ ಏನಾಗುತ್ತೆ ಗೊತ್ತು ತಾನೆ?"

"ಗೊತ್ತು. ಒಂದೆರಡು ವಾರ ಅಂತ ಡಾಕ್ಟ್ರೇ ಹೇಳಿದಾರೆ. ನೋವಿಗೆ ಹೆದರಿ ಅಲ್ಲ ಕಣೇ. ಈ ನಾಲ್ಕು ಗಂಟೆ ಆಗ್ತಿಲ್ಲ. ಗಾಡಿ ನಿಂತ್ಬಿಟ್ಟಿದೆ, ಎಂಜಿನ್ ಮಾತ್ರ ಓಡ್ತಿದೆ. ಡೀಸೆಲ್ ದಂಡ."

ಅವಳು ವಾದಿಸಲಿಲ್ಲ. ವಾದಿಸುವುದಕ್ಕೂ ತ್ರಾಣ ಬೇಕಲ್ಲ. ಕೆಳಗೆ ಹತ್ತೊಂಬತ್ತು ಜನ ಕಾದಿದ್ದರು, ಇಳಿದು ಹೋಗಿ ಹತ್ತೊಂಬತ್ತು ಜನರಿಗೂ ಉಸಿರು ಹಿಡಿಯಲು ಹೇಳಿದಳು. ಹೇಳುತ್ತಲೇ ಒಂದು ಸಂಗತಿ ನೆನಪಾಯಿತು. ಪಕ್ಕದ ಕುರ್ಚಿಗೆ ಬರುವ ನಿವೃತ್ತ ಗಣಿತದ ಮೇಷ್ಟ್ರು ಫೋನಿನಲ್ಲಿ ಇಸ್ಪೀಟು ಜೋಡಿಸುತ್ತಿದ್ದಾಗ, ಎರಡು ತಿಂಗಳಿಂದ ಯಾರ ಕಡೆಗೂ ನೋಡದ ಗಂಡ ಕತ್ತು ಚಾಚಿ, "ಆ ಕೆಂಪು ಒಂಬತ್ತು ತೆಗೆದು ಕರೀ ಹತ್ತರ ಮೇಲೆ ಇಡಿ" ಎಂದಿದ್ದ. ಇಷ್ಟೇ ಆಧಾರ. ಮುಳುಗುತ್ತಿರುವವಳಿಗೆ ಅಷ್ಟು ಸಾಕಾಯಿತು.

ಶನಿವಾರ ಡ್ಯೂಟಿ ಮುಗಿಸಿ, ಏಪ್ರನ್ನಿನ ಗೆರೆ ಹೆಗಲ ಮೇಲೆ ಇನ್ನೂ ಕೆಂಪಗಿರುವಾಗಲೇ, ಆಟದ ಸಾಮಾನಿನ ಅಂಗಡಿಗೆ ಹೋದಳು. ಫೋನಿನ ಪರದೆ ಚಿಕ್ಕದು, ಅವನಿಗೆ ಚಾಳೀಸು. ಟೀವಿಗೆ ಸಿಕ್ಕಿಸುವಂಥದ್ದು ವಾರ್ಡಿಗೆ ಬರುವುದಿಲ್ಲ. ಕೈಯಲ್ಲೇ ಹಿಡಿದು ಆಡುವ ಕಂಪ್ಯೂಟರು ಅಂತ ಒಂದು ಬಂದಿದೆಯಂತಲ್ಲ, ಅದನ್ನು ತೋರಿಸಿ ಎಂದಳು.

"ಮಗನಿಗಾ?" ಎಂದು ಕೇಳಿದ ಅಂಗಡಿಯವನು.

"ಗಂಡನಿಗೆ."

"ಏನು ವಯಸ್ಸು?"

"ಐವತ್ತೇಳು."

ತಲೆಯ ಮೇಲಿದ್ದ ಕನ್ನಡಕವನ್ನು ಅವನು ಮೂಗಿಗೆ ಇಳಿಸಿಕೊಂಡ. ಇದ್ದುದರಲ್ಲಿ ದೊಡ್ಡದನ್ನು ಮುಂದಿಟ್ಟ. ಇದರ ವೇಗ ಏನು, ಪರದೆ ಏನು ಎಂದು ಹೊಗಳತೊಡಗಿದ. ಅವಳು ಒಂದೇ ಕೈಯಲ್ಲಿ ಎತ್ತಿ ಹಿಡಿದು ಸುಮ್ಮನೆ ನಿಂತಳು. ಎರಡು ನಿಮಿಷಕ್ಕೆ ಮಣಿಕಟ್ಟು ನೋಯಹತ್ತಿತು.

"ಬ್ಯಾಟರಿ ಎಷ್ಟೊತ್ತು ಬರುತ್ತೆ?"

"ಜೋರಾಗಿ ಆಡಿದ್ರೆ ಒಂದೂವರೆ ಗಂಟೆ. ಚಾರ್ಜರ್ ಹಾಕ್ಕೊಂಡೇ ಆಡಬಹುದಲ್ಲಮ್ಮ."

"ಆಗಲ್ಲ. ಅಲ್ಲಿರೋ ಪ್ಲಗ್ಗೆಲ್ಲ ರಕ್ತ ತೊಳೆಯೋ ಯಂತ್ರಕ್ಕೆ. ನನಗೆ ನಾಲ್ಕು ಗಂಟೆ ಬರಬೇಕು, ಒಂದೇ ಕೈಲಿ ಆಡೋ ಹಾಗಿರಬೇಕು."

ಅಂಗಡಿಯವನು ಯಂತ್ರವನ್ನು ಅವಳ ಕೈಯಿಂದ ವಾಪಸ್ ತೆಗೆದುಕೊಂಡ. ಆಮೇಲೆ ದೊಡ್ಡದನ್ನು ಡಬ್ಬಿಗೆ ತುಂಬಿ ಒಳಗಿಟ್ಟು, ಹಗುರವಾದ ಇನ್ನೊಂದನ್ನು ತಂದ. ಅಲ್ಲಿಂದ ಮುಂದೆ ಅವನು ಮಾರುವ ಮಾತು ಬಿಟ್ಟು ಕೆಲಸದ ಮಾತಿಗೆ ಬಂದ. ಇದು ಅಷ್ಟು ಚುರುಕಲ್ಲ, ಆದರೆ ಕರೆಂಟು ಕಡಿಮೆ ಕುಡಿಯುವ ಹಾಗೆ ಮಿತಿ ಹಾಕಿದರೆ ನಾಲ್ಕು ಗಂಟೆ ದಾಟುತ್ತದೆ ಎಂದ. "ಇನ್ನು ಸಿಸ್ಟಂ ಯಾವುದು ಹಾಕ್ಲಿ? ಇದಕ್ಕೆ ಎರಡೂ ಹಿಡಿಸುತ್ತೆ. ಹೆಚ್ಚಿನವರು ಆಫೀಸ್ ಕಂಪ್ಯೂಟರಲ್ಲಿ ಇರುತ್ತಲ್ಲ, ಅದನ್ನೇ ಕೇಳ್ತಾರೆ. ಅದರಲ್ಲಿ ಎಲ್ಲ ಆಟಾನೂ ನಡೆಯುತ್ತೆ."

ಅದನ್ನು ಹಾಕಿದ್ದ ಒಂದು ಯಂತ್ರವನ್ನು ತೋರಿಸಲು ಹೋದರೆ, ಪರದೆಯ ಮೇಲೆ ಚಕ್ರ ತಿರುಗುತ್ತ ಏನೋ ಹೊಸದಾಗುತ್ತಿದೆ, ಶೇಕಡಾ ಹನ್ನೆರಡು, ದಯವಿಟ್ಟು ಕಾಯಿರಿ ಎಂದು ಬಂತು. ಆ ಚಕ್ರ ಅವಳಿಗೆ ಹಳೆಯ ನೆಂಟ. ಸೊಂಟದ ಮೂಳೆ ಮುರಿದ ಅಜ್ಜನೊಬ್ಬ ಮೇಜಿನ ಮೇಲೆ ನರಳುತ್ತಿದ್ದಾಗ ಅವಳ ಕೋಣೆಯ ಕಂಪ್ಯೂಟರಿನಲ್ಲಿ ಇದೇ ಚಕ್ರ ಇಪ್ಪತ್ತು ನಿಮಿಷ ತಿರುಗಿತ್ತು.

"ಇದು ಬೇಡ ಮಹರಾಯ. ಇನ್ನೊಂದು ಯಾವುದು?"

"ಲಿನಕ್ಸ್ ಅಂತ ಬೇರೆ ಸಿಸ್ಟಂ ಇದೆ, ಅದರ ಮೇಲೆ ಆಟಕ್ಕಂತಲೇ ಕಟ್ಟಿರೋದು. ಮೊದಲೇ ಹೇಳ್ಬಿಡ್ತೀನಿ, ನಾಲ್ಕಾರು ಜನ ಸೇರಿ ಆನ್‌ಲೈನಲ್ಲಿ ಆಡೋ ಕೆಲವು ಆಟ ಇದರಲ್ಲಿ ಬರಲ್ಲ."

"ನಮ್ಮನೆಯವರು ಎದುರಿಗಿರೋರ ಜೊತೆಗೇ ಮಾತಾಡಲ್ಲ, ಆನ್‌ಲೈನ್ ಎಲ್ಲಿಂದ ಬರ್ಬೇಕು. ಬೇರೆ ಏನು ಅನುಕೂಲ?"

"ಯಾವ ಗುಂಡಿ ಯಾವ ಕೆಲಸ ಮಾಡ್ಬೇಕು ಅಂತ ನಾವೇ ಬದಲಾಯಿಸ್ಕೋಬಹುದು. ಇನ್ನೊಂದು ಇದೆ, ನೋಡಿ." ಲಾರಿ ಓಡಿಸುವ ಆಟವೊಂದನ್ನು ತೆರೆದು ನಾಲ್ಕು ಮಾರು ಓಡಿಸಿ, ಮೇಲಿನ ಗುಂಡಿ ಒಮ್ಮೆ ಒತ್ತಿದ. ಪರದೆ ಕಪ್ಪಾಯಿತು. ಯಂತ್ರವನ್ನು ಡ್ರಾಯರಿನಲ್ಲಿ ಹಾಕಿ, ಬೇರೆ ಗಿರಾಕಿಗೆ ಒಂದು ಕೇಬಲ್ ಕೊಟ್ಟು ಬಂದು, ತೆಗೆದು ಮತ್ತೆ ಒತ್ತಿದ. ಅದೇ ತಿರುವು, ಅದೇ ಮಳೆ, ಗಾಜಿನ ಮೇಲೆ ಅರ್ಧಕ್ಕೆ ನಿಂತಿದ್ದ ವೈಪರ್ ಉಳಿದರ್ಧವನ್ನು ಒರೆಸಿತು. "ಆ ಆಫೀಸ್ ಸಿಸ್ಟಂನಲ್ಲೂ ಆಟಾನ ಹೀಗೆ ಮಲಗಿಸಬಹುದು. ಆದರೆ ಎದ್ದಾಗ ಹೀಗೇ ಇರುತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ. ಇದರಲ್ಲಿ ಕೊಡ್ತೀನಿ."

ಸಿಸ್ಟರುಗಳು ಗಂಟೆಗೊಮ್ಮೆ ಬಿ.ಪಿ. ನೋಡಲು ಬರುತ್ತಾರೆ, ಅವನಿಗೆ ಇದ್ದಕ್ಕಿದ್ದ ಹಾಗೆ ತಲೆಸುತ್ತು ಬರುತ್ತದೆ. ಇದೇ ಸರಿ ಎಂದು ನಿರ್ಧರಿಸಿದಳು. ತನಗೂ ಅಂಥದೊಂದು ಗುಂಡಿ ಇದ್ದಿದ್ದರೆ, ಒಂದು ಮಧ್ಯಾಹ್ನದ ಮಟ್ಟಿಗೆ ಒತ್ತಿಕೊಂಡುಬಿಡುತ್ತಿದ್ದೆ ಅಂತಲೂ ಅನ್ನಿಸಿತು.

"ಯಾವ ಕೈ ಖಾಲಿ ಇರುತ್ತೆ?" ಎಂದು ಅಂಗಡಿಯವನು ಕೇಳಿದ.

ಅವಳು ಕಣ್ಣು ಮುಚ್ಚಿ ಗಂಡನ ಕುರ್ಚಿಯನ್ನು ನೆನೆದಳು. "ಎಡಗೈ" ಎಂದಳು. ಅಂಗಡಿಯವನು ಮುಕ್ಕಾಲು ಗಂಟೆ ಕೂತು ಸ್ಟೇರಿಂಗನ್ನು ಪರದೆಯ ಎಡಗಡೆ ಹೆಬ್ಬೆರಳಿಗೆ ಸಿಗುವ ಪುಟ್ಟ ಜಾಯ್‌ಸ್ಟಿಕ್ ಕಡ್ಡಿಗೂ, ಓಟ ಮತ್ತು ಬ್ರೇಕನ್ನು ಯಂತ್ರದ ಬೆನ್ನಿಗೆ ಅದೇ ಎಡಗಡೆಯಿದ್ದ ಎರಡು ಗುಂಡಿಗೂ ಹೊಂದಿಸಿ ಕೊಟ್ಟ.

ಸೋಮವಾರ ಅವಳು ರಜೆ ಹಾಕಿದಳು. ರೋಗಿಯ ಮೊಣಕಾಲು ಎತ್ತಿ ಇಡಲು ಬಳಸುವ ಹಳೆಯ ಸ್ಪಂಜಿನ ಮೆತ್ತೆಯೊಂದನ್ನು ಕೆಳಗಿನಿಂದ ತಂದು, ಸೂಜಿ ಚುಚ್ಚಿ ಮುಗಿದ ಮೇಲೆ ಗಂಡನ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ಆಟದ ಯಂತ್ರ ಇಟ್ಟಳು.

"ಏನಿದು?"

"ಲಾರಿ."

"ಮೂವತ್ತು ವರ್ಷ ಓಡಿಸಿದ್ದು ಸಾಲ್ದೇನೇ?" ಅಂದ. ಆದರೂ ಬಲಗೈ ಚಾಚಿದ. ಬಲಗಡೆಯ ಕಡ್ಡಿ ತಳ್ಳಿದ. ಪರದೆಯೊಳಗಿನ ಡ್ರೈವರು ಕತ್ತು ತಿರುಗಿಸಿ ಕಿಟಕಿಯಾಚೆ ನೋಡಿದ, ಅಷ್ಟೇ. ಗಾಡಿ ಕದಲಲಿಲ್ಲ. ಬಲಗಡೆ ಇದ್ದಬದ್ದ ಗುಂಡಿಯೆಲ್ಲ ಒತ್ತಿದ. ಹಾರ್ನ್ ಕೂಡ ಆಗಲಿಲ್ಲ.

ಆಗ ಅವಳಿಗೆ ಗೊತ್ತಾಯಿತು. ನಗಬೇಡಿ. ಎಕ್ಸ್‌ರೇ ಚಿತ್ರದಲ್ಲಿ ರೋಗಿ ನಮಗೆ ಎದುರಾಗಿ ನಿಂತ ಹಾಗಿರುತ್ತಾನೆ, ನಮ್ಮ ಎಡಕ್ಕೆ ಕಂಡದ್ದು ಅವನ ಬಲ. ಕಂಡದ್ದನ್ನು ತಿರುಗಿಸಿ ಹೇಳುವುದು ಅವಳ ಇಪ್ಪತ್ತೆರಡು ವರ್ಷದ ಕಸುಬು. ಅಂಗಡಿಯಲ್ಲಿ ಕಣ್ಣು ಮುಚ್ಚಿದಾಗಲೂ ಕಂಡದ್ದು ಬೆನ್ನ ಕಡೆಯಿಂದ ನೋಡಿದ ಗಂಡನೇ, ಸೂಜಿ ಎಡಕ್ಕೇ ಇತ್ತು. ದಣಿದ ತಲೆ ಅದನ್ನು ತಾನಾಗಿಯೇ ತಿರುಗಿಸಿ, ಸೂಜಿ ಬಲಗೈಗೆ ಎಂದುಕೊಂಡಿತು. ಊರಿನವರ ಮೂಳೆಗಳಲ್ಲಿ ಒಮ್ಮೆಯೂ ತಪ್ಪದವಳು ಸ್ವಂತ ಗಂಡನ ಕೈಯಲ್ಲಿ ತಪ್ಪಿದ್ದಳು.

"ರೀ, ಎಲ್ಲ ಎಡಗಡೆ ಹಾಕಿಸ್ಬಿಟ್ಟಿದೀನಿ."

ಅವನು ತನ್ನ ಎಡಗೈಯ ಕೊಳವೆಗಳನ್ನು ನೋಡಿದ, ಅವಳನ್ನು ನೋಡಿದ. "ನಿನ್ನ ಹತ್ರ ಎಕ್ಸ್‌ರೇ ತೆಗೆಸ್ಕೊಂಡೋರೆಲ್ಲ ಸರಿಯಾದ ಕಾಲಿಗೇ ಆಪರೇಷನ್ ಮಾಡಿಸ್ಕೊಂಡಿದಾರಾ, ವಿಚಾರಿಸಿದೀಯಾ?"

ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು ಕಿಸಕ್ಕನೆ ನಕ್ಕರು. ಅವಳಿಗೆ ನಗು ಬರಲಿಲ್ಲ, ಕಣ್ಣು ತುಂಬಿಕೊಂಡಿತು. ಇದ್ದದ್ದು ಒಂದೇ ಸೋಮವಾರ, ಅದನ್ನೂ ಕೈಯಾರೆ ಹಾಳು ಮಾಡಿಕೊಂಡೆ ಎಂದು ಸಂಕಟವಾಯಿತು. ಬದಲಾಯಿಸುವುದು ಹೇಗೆಂದು ಅವಳಿಗೆ ತಿಳಿಯದು. ಅಂಗಡಿ ತೆರೆಯುವುದು ಹನ್ನೊಂದಕ್ಕೆ, ಇವನ ನಾಲ್ಕು ಗಂಟೆ ಮುಗಿಯುವುದೂ ಹನ್ನೊಂದಕ್ಕೆ.

"ಅಳೋದೇನು ಬಂತು ಈಗ. ಸ್ಟೂಲ್ ಎಳ್ಕೊಂಡು ಇಲ್ಲಿ ಕೂತ್ಕೋ," ಎಂದ ಅವನು. ಯಂತ್ರವನ್ನು ತನ್ನ ಬಲಕ್ಕೆ ಸರಿಸಿ, ಅದರ ಎಡಗಡೆಯ ಕಡ್ಡಿಯನ್ನು ಬಲಗೈ ಹೆಬ್ಬೆರಳಿನಿಂದ ಹಿಡಿದ. ಬೆನ್ನಿನ ಗುಂಡಿಗಳು ಎಟುಕಲಿಲ್ಲ. "ಅವು ನಿನ್ನವು. ಕೈ ಕೆಳಗೆ ತೂರಿಸು. ಗ್ಯಾಸ್ ಯಾವುದು, ಬ್ರೇಕ್ ಯಾವುದು ನೋಡ್ಕೋ. ಅದನ್ನಾದ್ರೂ ತಿರುಗಿಸಬೇಡ."

ಸ್ಟೇರಿಂಗ್ ಅವನದು, ಪೆಡಲು ಅವಳದು. ಗಂಡನ ಲಾರಿಯಲ್ಲಿ ಒಂದು ದಿನವೂ ಕ್ಲೀನರ್ ಸೀಟಿನಲ್ಲಿ ಕೂತವಳಲ್ಲ ಅವಳು. ಮೊದಲ ತಿರುವಿನಲ್ಲೇ ಕಂಬಕ್ಕೆ ಗುದ್ದಿದರು, ಆಮೇಲೆ ಬೇಲಿಗೆ, ಆಮೇಲೆ ನಿಂತಿದ್ದ ಬಸ್ಸಿಗೆ.

"ಬ್ರೇಕ್ ಅಂದೆ."

"ಅಂದಿದ್ದು ಗುದ್ದಿದ ಮೇಲೆ."

"ಲೋಡ್ ಗಾಡಿ ಕಣೇ, ಹೇಳಿದ ತಕ್ಷಣ ನಿಲ್ಲೋಕೆ ಇದೇನು ಸೈಕಲ್ಲಾ? ಮುಂಚೆನೇ ನೋಡ್ಬೇಕು."

ಇಪ್ಪತ್ತೆರಡು ಟನ್ ಸಿಮೆಂಟು ಹೇರಿಕೊಂಡು ಊರು ದಾಟಿದರು. ಸಿಸ್ಟರ್ ಬಿ.ಪಿ. ನೋಡಲು ಬಂದಾಗಲೆಲ್ಲ ಅವಳು ಮೇಲಿನ ಗುಂಡಿ ಒತ್ತುತ್ತಿದ್ದಳು, ಸಿಸ್ಟರ್ ಹೋದ ಮೇಲೆ ಮತ್ತೆ ಒತ್ತುತ್ತಿದ್ದಳು, ಗಾಡಿ ನಿಂತಲ್ಲೇ ಇರುತ್ತಿತ್ತು. ಮೂರನೆಯ ಗಂಟೆಗೆ ಅವನ ಮುಖ ಬಿಳಿಚಿತು, ಅರ್ಧ ಗಂಟೆ ಸುಮ್ಮನೆ ಕಣ್ಣು ಮುಚ್ಚಿದ. ಎದ್ದವನು ಎಂದಿನಂತೆ ಚಾವಣಿಯನ್ನು ನೋಡದೆ ಪರದೆಯನ್ನು ನೋಡಿದ. ಹನ್ನೊಂದಕ್ಕೆ ಡಯಾಲಿಸಿಸ್ ಯಂತ್ರ ಮುಗಿಯಿತೆಂದು ಕೂಗಿದಾಗ ಗಾಡಿ ಬೆಟ್ಟದ ಏರಿನ ನಟ್ಟನಡುವೆ ಇತ್ತು. ಅವಳು ಮೇಲಿನ ಗುಂಡಿ ಒತ್ತಿ ಆಟದ ಯಂತ್ರವನ್ನು ಚೀಲಕ್ಕೆ ಹಾಕಿದಳು.

ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದು, ತೂಕ ನೋಡಿ, ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತರು. ತಲೆಸುತ್ತು ಇಳಿಯುವ ತನಕ ಅಲ್ಲಿ ಕೂರುವುದು ರೂಢಿ. ಬುಧವಾರದ ಮಾತು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅಷ್ಟು ಸೋತಿದ್ದಳು, ಅಷ್ಟು ಹೆದರಿಯೂ ಇದ್ದಳು. ಅವನು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದ.

"ಆ ಗಾಡಿ?" ಎಂದ ಎಷ್ಟೋ ಹೊತ್ತಿನ ಮೇಲೆ.

"ಅಲ್ಲೇ ಇದೆ. ಗುಂಡಿ ಒತ್ತೋವರೆಗೂ ಇದ್ದಲ್ಲೇ ಇರುತ್ತಂತೆ."

"ಏರಲ್ಲಿ?"

"ಹೂಂ."

"ಲೋಡ್ ಸಮೇತ?"

"ಲೋಡ್ ಸಮೇತ."

ಅವನು ಕಣ್ಣು ಬಿಟ್ಟ. "ಹ್ಯಾಂಡ್‌ಬ್ರೇಕ್ ಹಾಕಿದ್ಯಾ?"

"ಹ್ಯಾಂಡ್‌ಬ್ರೇಕ್ ಯಾವ ಗುಂಡಿ ಅಂತ ನನಗೇನು ಗೊತ್ತು?"

ಅವನು ದೀರ್ಘವಾಗಿ ನಿಟ್ಟುಸಿರು ಬಿಟ್ಟು ಎದ್ದು ಕೂತ, ಮೂವತ್ತು ವರ್ಷದಲ್ಲಿ ಬಂದುಹೋದ ಎಲ್ಲ ಕ್ಲೀನರುಗಳ ಮೇಲಿನ ಬೇಸರ ಅದರಲ್ಲಿತ್ತು. "ಇವತ್ತೇ ಅಂಗಡಿಗೆ ಹೋಗಿ ಎಲ್ಲ ಬಲಗಡೆ ಹಾಕಿಸ್ಕೊಂಡು ಬಾ. ಬುಧವಾರ ನಿನಗೆ ಡ್ಯೂಟಿ ಇರುತ್ತೆ, ನಾನೊಬ್ಬನೇ ಏರು ಹತ್ತಿಸಿ ಇಳಿಸ್ಬೇಕು. ಬೆಳಿಗ್ಗೆ ಏಳು ಅಂದ್ರೆ ಏಳಕ್ಕೆ ಬಂದ್ಬಿಡೋಣ. ಲೋಡ್ ಗಾಡೀನ ದಾರೀಲಿ ಬಿಟ್ಟು ಮನೇಲಿ ಕೂರೋಕಾಗುತ್ತಾ?"

ತಮ್ಮನ ಮದುವೆ ತಪ್ಪಿಸಿದ ಆ ಹಾಳು ಹಠಕ್ಕೆ, ಹದಿನೆಂಟು ವರ್ಷ ಕಳೆದ ಮೇಲೆ, ಎಕ್ಸ್‌ರೇ ಅಕ್ಕ ಮನಸ್ಸಿನಲ್ಲೇ ಕೈ ಮುಗಿದಳು. ಬಾಯಲ್ಲಿ ಮಾತ್ರ "ಸರಿ, ಏಳಿ" ಎಂದಷ್ಟೇ ಹೇಳಿ, ಅವನ ತೋಳು ಹಿಡಿದು ಲಿಫ್ಟಿನ ಕಡೆ ಹೊರಟಳು. ಸೂಜಿ ಚುಚ್ಚದ ಬಲತೋಳು. ಎರಡು ಸಲ ನೋಡಿಕೊಂಡೇ ಹಿಡಿದಳು.