ಹೊಲಿಗೆಯ ಹಿಂಬದಿ

ನಮ್ಮತ್ತಿಗೆ ಅಳುವವರಲ್ಲ. ಅಣ್ಣ ಸತ್ತ ದಿನವೂ ಅಳಲಿಲ್ಲ. ನೆಂಟರು ಬಾಯಿಗೆ ಬಂದಂತೆ ಆಡಿಕೊಂಡರು. ಆಡಿಕೊಳ್ಳಲಿ. ಬದುಕಿದ್ದಷ್ಟು ದಿನ ಅತ್ತಿಗೆಯ ಫೋನನ್ನು ಅವರಿಗಿಂತ ಮೊದಲು ಓದುತ್ತಿದ್ದವನು ಅವನು. ಒಡಹುಟ್ಟಿದವನು ಅಂತ ನಾನು ಸುಳ್ಳು ಹೇಳಲೇ?

ಅತ್ತಿಗೆಯದು ಕನ್ನಡಕದ ಅಂಗಡಿ. ಅವರು ಗಾಜು ಉಜ್ಜಿ ಕೂರಿಸುತ್ತಾರೆ, ನಾನು ಗಿರಾಕಿಗಳ ಮೂಗಿಗೆ ಫ್ರೇಮು ಹೊಂದಿಸುತ್ತೇನೆ. ಹಿಂದಿನ ಹಲಗೆಯ ಮೇಲೆ ಒಂದು ಹಳೇ ಕಂಪ್ಯೂಟರು ಸದಾ ಗುಂಯ್‌ಗುಡುತ್ತಿರುತ್ತದೆ. ಅದೇ ಅವರ ಇಂಟರ್ನೆಟ್ ಕಟ್ಟೆ. ಹರಿದ ಬಟ್ಟೆಗೆ ತೇಪೆ ಹಾಕುವ ಹುಚ್ಚಿನವರು ಫೋನಿನಿಂದಲೇ ಅಲ್ಲಿಗೆ ಬಂದು ಹರಟುತ್ತಾರೆ. ಇಂಥ ಕಟ್ಟೆಗಳನ್ನು ಎಷ್ಟೋ ಜನ ತಂತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಒಂದರ ಮಾತು ಇನ್ನೊಂದಕ್ಕೆ ಕೇಳಿಸುತ್ತದೆ, ಎಲ್ಲಕ್ಕೂ ಸೇರಿ ಒಬ್ಬ ಯಜಮಾನ ಅಂತಿಲ್ಲ. ನಿಜವಾದ ಹೆಸರು ಕೇಳುವಂತಿಲ್ಲ. ಹೊಸಬರಿಗೆ ಅತ್ತಿಗೆ ಬರೆಯುವುದು ಇಷ್ಟೇ: "ಬನ್ನಿ, ಕೂತ್ಕೊಳ್ಳಿ."

ಅಲ್ಲಿ ಮೊಂಡುಸೂಜಿ ಅಂತ ಒಬ್ಬಳಿದ್ದಳು. ಎಲ್ಲರೂ ತೇಪೆಯ ಚಂದದ ಮುಂಬದಿ ತೋರಿಸಿದರೆ ಇವಳು ಹಿಂಬದಿಯ ಚಿತ್ರವನ್ನೇ ಹಾಕುವಳು. "ಗಂಟು ನೋಡಿ, ಮುಖ ಯಾರು ಬೇಕಾದ್ರೂ ತೋರಿಸ್ತಾರೆ," ಅನ್ನುವಳು. ನನಗೆ ಅವಳೆಂದರೆ ಪ್ರಾಣ.

ಒಂದು ಮಧ್ಯಾಹ್ನ ಅವಳ ಹೆಸರಿನಲ್ಲಿ ಬೇರೆ ಯಾರೋ ಬರೆದರು. "ನಾನು ಇವಳ ಗಂಡ. ಫೋನ್ ಬಿಟ್ಟು ಮನೆಯಿಂದ ಹೊರಟು ಹೋಗಿದಾಳೆ. ಎಲ್ಲಿದಾಳೆ, ದಯವಿಟ್ಟು ಹೇಳಿ."

ನಾನು ಫೋನನ್ನು ಅತ್ತಿಗೆಯ ಮುಂದೆ ಹಿಡಿದೆ. "ಪಾಪ, ಗೊತ್ತಿದ್ರೆ ಹೇಳಿಬಿಡಿ ಅತ್ತಿಗೆ."

"ಗೊತ್ತಿಲ್ಲ ಕಣೇ. ಯಾರು ಎಲ್ಲಿಂದ ಬರೆದ್ರು ಅನ್ನೋದನ್ನ ಆ ಡಬ್ಬಿ ಅವತ್ತಿಂದವತ್ತೇ ಅಳಿಸಿಹಾಕುತ್ತೆ. ನಾನೇ ಹಾಗೆ ಮಾಡಿಟ್ಟಿರೋದು."

ಸಂಜೆಗೆ ಅವನ ಬೆಣ್ಣೆಮಾತು ಮುಗಿದು "ಸಿಕ್ಕಿದ್ರೆ ಕಾಲು ಮುರೀತೀನಿ" ಶುರುವಾಯಿತು. ಅತ್ತಿಗೆ ಅವನನ್ನು ಹೊರಹಾಕಿದರು. "ಬೇರೆ ಹೆಸರಲ್ಲಿ ಬಂದೇ ಬರ್ತಾನೆ. ಇಲ್ಲೇ ಎಲ್ಲೋ ಕೂತು ನೋಡ್ತಿರ್ತಾನೆ," ಎಂದರು.

ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಬದುಕಿದ್ದಾಳೋ, ಸತ್ತಳೋ. ಮೊದಮೊದಲು ಭಯವಾಗುತ್ತಿತ್ತು, ಬರಬರುತ್ತ ಆ ಭಯಕ್ಕೂ ಜೋಮು ಹಿಡಿಯಿತು. ಗಿರಾಕಿಗಳ ಕಿವಿಗೆ ಕನ್ನಡಕದ ಕಡ್ಡಿ ಬಗ್ಗಿಸುತ್ತ ನಾನೂ ಅತ್ತಿಗೆಯ ಹಾಗೇ ಆಗಿಬಿಟ್ಟೆ.

ಮೊನ್ನೆ ಬೇರೊಂದು ಕಟ್ಟೆಯಿಂದ ಹೊಸಬಳೊಬ್ಬಳು ಬಂದಳು. ಮಾತಿಲ್ಲ, ಒಂದು ಚಿತ್ರ ಮಾತ್ರ. ಅಂಗಿಯ ಕಾಲರಿನ ಹಿಂಬದಿ, ಗಂಟುಗಳ ಸಮೇತ.

"ಅತ್ತಿಗೆ! ಇವಳೇ! ಬದುಕಿದಾಳೆ!" ಎಂದು ಕೂಗಿದೆ. 'ನೀನೇನಾ?' ಎಂದು ಬರೆಯುವಷ್ಟರಲ್ಲಿ ಅತ್ತಿಗೆ ಫೋನು ಕಿತ್ತುಕೊಂಡರು.

"ನಿನಗೆ ಗೊತ್ತಾಗಿದ್ದು ಅವನಿಗೆ ಗೊತ್ತಾಗಲ್ವೇನೇ, ಪೆದ್ದಿ?"

ಅತ್ತಿಗೆ ಆ ಚಿತ್ರವನ್ನು ಅಳಿಸಿದರು. ಅವಳೊಬ್ಬಳಿಗೇ ಕಾಣುವಂತೆ "ಹೊಸ ಹೆಸರಲ್ಲಿ ಬನ್ನಿ" ಎಂದು ಬರೆದರು. ಆಮೇಲೆ ಎಲ್ಲರಿಗೂ: "ಇವತ್ತಿಂದ ಎಲ್ಲರೂ ಹಿಂಬದಿ ಚಿತ್ರಾನೇ ಹಾಕಬೇಕು. ಮುಂಬದಿ ಹಾಕಿದ್ರೆ ತೆಗೆದುಹಾಕ್ತೀನಿ."

ಯಾರೂ ಯಾಕೆಂದು ಕೇಳಲಿಲ್ಲ. ಬೇರೆ ಕಟ್ಟೆಗಳಿಂದಲೂ ಹೊಸ ಹೊಸ ಹೆಸರುಗಳು ಬಂದವು. ಸಂಜೆಯ ಹೊತ್ತಿಗೆ ಅಲ್ಲಿ ತುಂಬ ಗಂಟುಗಳು, ಜೋತಾಡುವ ಎಳೆಗಳು, ಸೊಟ್ಟ ಹೊಲಿಗೆಗಳು. ಒಂದೊಂದನ್ನೂ ಹಿಗ್ಗಿಸಿ ನೋಡಿದೆ.

"ಸಿಕ್ಕಿದ್ಲಾ?" ಅತ್ತಿಗೆ ಗಾಜು ಒರೆಸುತ್ತ ಕೇಳಿದರು.

"ಇಲ್ಲ ಅತ್ತಿಗೆ. ಯಾವುದು ಅವಳದು ಅಂತ ಗೊತ್ತೇ ಆಗ್ತಿಲ್ಲ."

"ಸದ್ಯ," ಎಂದರು ಅತ್ತಿಗೆ. ಗಾಜನ್ನು ಮೇಜಿನ ಮೇಲಿಟ್ಟು, ಕೂತಲ್ಲೇ ಅತ್ತರು.